ಪಿಂಗಾಣಿ ಕಪ್ಪು ಶೋಕೇಸ್‌ಗೆ ಹೋಗುತ್ತಿದೆ, ಬಾಯಿಗೆ ಬರುತ್ತಿಲ್ಲ

ಬಳ್ಳಾರಿ ತಿಗರಿ
ಎಲ್ಲರಿಗೂ ನಮಸ್ಕಾರ. ಇದು ಅರ್ಧ ಪ್ರಶ್ನೆ, ಅರ್ಧ ಗೋಳು. ನಾನು ಬಳ್ಳಾರಿಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಪಿಂಗಾಣಿ ಪಾತ್ರೆ ಮಾಡುತ್ತೇನೆ. ಅಚ್ಚಿಗೆ ಸುರಿಯುವುದಲ್ಲ, ತಿಗರಿ, ಅಂದರೆ ಕುಂಬಾರನ ಚಕ್ರದ ಮೇಲೆ ಕೈಯಿಂದಲೇ ಎತ್ತುವುದು. ಕಪ್ಪು, ಬಟ್ಟಲು, ಸಣ್ಣ ತಟ್ಟೆ. ಏಳು ವರ್ಷ ಆಯಿತು. ಜನ ದಿನಾ ಬಳಸಲಿ ಅಂತಲೇ ಮಾಡುವುದು, ಅಲಂಕಾರಕ್ಕಲ್ಲ.

ಹೋದ ವಾರ ನನ್ನ ಹತ್ತಿರ ಆರು ಕಪ್ಪು ಕೊಂಡಿದ್ದ ಒಬ್ಬರ ಮನೆಗೆ ಹೋಗಿದ್ದೆ. ಆರೂ ಶೋಕೇಸಿನಲ್ಲಿ ಸಾಲಾಗಿ ಕೂತಿದ್ದವು, ಮಗ ಕಬಡ್ಡಿಯಲ್ಲಿ ಗೆದ್ದ ಕಪ್ಪಿನ ಪಕ್ಕದಲ್ಲೇ. ನನಗೆ ಚಹಾ ಬಂದದ್ದು ಸ್ಟೀಲ್ ಲೋಟದಲ್ಲಿ. "ನಿಮ್ಮ ಕಪ್ಪು ಎಷ್ಟು ಜೋಪಾನವಾಗಿ ಇಟ್ಟಿದ್ದೇವೆ ನೋಡಿ" ಅಂತ ಪ್ರೀತಿಯಿಂದ ತೋರಿಸಿದರು. ಏನು ಹೇಳಬೇಕೋ ತೋಚಲಿಲ್ಲ, ಸುಮ್ನೆ ನಕ್ಕು ಬಂದೆ.

ಆಮೇಲೆ ಇನ್ನೂ ನಾಲ್ಕೈದು ಜನರಿಗೆ ಫೋನ್ ಮಾಡಿ ಕೇಳಿದೆ. ಎಲ್ಲಾ ಕಡೆ ಇದೇ ಕಥೆ. ಬೆಲೆಯೋ, ಒಡೆಯುವ ಭಯವೋ, ಅಥವಾ ನನ್ನ ಕಪ್ಪಿನಲ್ಲೇ ಏನೋ ತಪ್ಪಿದೆಯೋ? ಮುಲಾಜಿಲ್ಲದೆ ಹೇಳಿ.

ಶೇಂಗಾ ಹಿಂಡಿ
ಒಂದು ಕಪ್ಪಿಗೆ ಎಷ್ಟು?

ಬಳ್ಳಾರಿ ತಿಗರಿ
450.

ಶೇಂಗಾ ಹಿಂಡಿ
ಮತ್ತೆ ಇನ್ನೇನು ಕೇಳುತ್ತೀರಿ, ಉತ್ತರ ಸಿಕ್ಕಿತಲ್ಲ.

ಬಳ್ಳಾರಿ ತಿಗರಿ
ಹಹ, ಒಪ್ಪಿದೆ. ಆದರೂ ಲೆಕ್ಕ ಹೇಳುತ್ತೇನೆ. ಹತ್ತು ಕಪ್ಪು ಎತ್ತಿದರೆ ಅಂಗಡಿಗೆ ಹೋಗುವುದು ಏಳು. ಒಂದು ಒಣಗುವಾಗ ಕಿವಿಯ (ಹಿಡಿಕೆಯ) ಬುಡದಲ್ಲಿ ಸೀಳುತ್ತದೆ, ಒಂದು ಸುಡುವಾಗ ಸೊಟ್ಟಗಾಗುತ್ತದೆ, ಇನ್ನೊಂದರ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಎರಡು ಸಲ ಸುಡಬೇಕು. ಮೊದಲು 950 ಡಿಗ್ರಿಗೆ ಹಸಿ ಸುಡುವಿಕೆ, ಆಮೇಲೆ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನ ಹಾಗೆ ಹೊಳೆಯುವ ಲೇಪ ಹಚ್ಚಿ 1240 ಡಿಗ್ರಿಗೆ. ನನ್ನ ಕರೆಂಟ್ ಭಟ್ಟಿ 8 ಕಿಲೋವ್ಯಾಟ್. ದೊಡ್ಡ ಸುಡುವಿಕೆಗೆ ಹೆಚ್ಚು ಕಡಿಮೆ 60 ಯೂನಿಟ್ ತಿನ್ನುತ್ತದೆ. ಫ್ಯಾಕ್ಟರಿ ಕಪ್ಪು 40 ರೂಪಾಯಿಗೆ ಸಿಗುವಾಗ ನನ್ನದು ಜಾಸ್ತಿ ಅನಿಸುವುದು ಸಹಜ. ಆದರೆ 450 ಕೊಟ್ಟವರೇ ಅದನ್ನು ಬಳಸುತ್ತಿಲ್ಲವಲ್ಲ, ನನ್ನ ಪ್ರಶ್ನೆ ಅದು.

ನಿವೃತ್ತ ಲೈನ್‌ಮನ್, ರಾಯಚೂರು
ಒಡೆಯುತ್ತದೆ ಅನ್ನುವವರಿಗೆ ನಾನು ಹೇಳುತ್ತೇನೆ. ನನ್ನ ಸರ್ವಿಸ್ ಪೂರ್ತಿ ಕಂಬ ಹತ್ತಿ ಇಳಿದವನು ನಾನು. ಕಂಬದ ಮೇಲೆ 11 ಸಾವಿರ ವೋಲ್ಟಿನ ತಂತಿ ಹೊತ್ತು ಕೂತಿದೆಯಲ್ಲ ಇನ್ಸುಲೇಟರ್, ಅದು ಏನು? ಪಿಂಗಾಣಿಯೇ. ರಾಯಚೂರಿನ ಬಿಸಿಲು, ಮಳೆ, ಹುಡುಗರ ಕವಣೆ ಕಲ್ಲು ಎಲ್ಲಾ ತಿಂದು ವರ್ಷಗಟ್ಟಲೆ ನಿಲ್ಲುತ್ತದೆ. ನಿಮ್ಮ ಮನೆಯ ಹಳೇ ಮೀಟರ್ ಬೋರ್ಡಿನಲ್ಲಿ ಬಿಳಿ ಕಿಟ್‌ಕ್ಯಾಟ್ ಫ್ಯೂಸ್ ಇರುತ್ತಿತ್ತು, ಅದೂ ಪಿಂಗಾಣಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಪಿಂಗಾಣಿ ಕಾರ್ಖಾನೆ ಇತ್ತು, ಆಮೇಲೆ ಬಿಎಚ್‌ಇಎಲ್‌ಗೆ ಸೇರಿತು. ಅಲ್ಲಿ ಮಾಡಿದ್ದು ಇನ್ಸುಲೇಟರೇ. ಚಹಾ ಕುಡಿಯುವುದಕ್ಕೆ ಮಾತ್ರ ನಾಜೂಕು ಅಂದರೆ ಹೇಗೆ?

ಬಳ್ಳಾರಿ ತಿಗರಿ
ಸರ್, ಇದನ್ನು ಬೋರ್ಡ್ ಬರೆಸಿ ಅಂಗಡಿಯಲ್ಲಿ ಹಾಕಿಕೊಳ್ಳಲೇ? ನಿಜ ಹೇಳಬೇಕೆಂದರೆ ಒಂದೇ ದಪ್ಪದ ಮಣ್ಣಿನ ಕಪ್ಪಿಗಿಂತ ಪಿಂಗಾಣಿ ಎಷ್ಟೋ ಗಟ್ಟಿ. ತೆಳ್ಳಗೆ ಮಾಡುತ್ತೇವೆ ಅಂತ ನಾಜೂಕು ಕಾಣುತ್ತದೆ, ಅಷ್ಟೇ. ಸುಟ್ಟಾಗ ಒಳಗಿನ ಫೆಲ್ಡ್‌ಸ್ಪಾರ್ ಅನ್ನುವ ಕಲ್ಲಿನ ಪುಡಿ ಕರಗಿ ಗಾಜಾಗಿ, ಉಳಿದ ಕಣಗಳನ್ನು ಹಿಡಿದು ಬೆಸೆಯುತ್ತದೆ. ಅದಕ್ಕೇ ನೀರು ಹೀರುವುದಿಲ್ಲ, ಬಡಿದರೆ ಗಂಟೆ ಹಾಗೆ ಟಿಣ್ ಅನ್ನುತ್ತದೆ.

ಗಂಗಾವತಿ ಸೊಸೆ
ಲೈನ್‌ಮನ್ ಸರ್, ಇನ್ಸುಲೇಟರನ್ನು ಯಾರೂ ದಿನಕ್ಕೆ ಮೂರು ಸಲ ಗ್ರಾನೈಟ್ ಕಟ್ಟೆ ಮೇಲೆ ಸ್ಟೀಲ್ ಪಾತ್ರೆಗಳ ಜೊತೆ ತೊಳೆಯುವುದಿಲ್ಲ 🙂

ನಮ್ಮ ಮನೆಯಲ್ಲಿ ಒಂಬತ್ತು ಜನ. ಬೆಳಿಗ್ಗೆ ಒಮ್ಮೆ, ಹತ್ತಕ್ಕೆ ಒಮ್ಮೆ, ಸಂಜೆ ಒಮ್ಮೆ ಚಹಾ. ಯಾರಾದರೂ ಬಂದರೆ ಮತ್ತೆ. ಬಾಂಡಿಯಲ್ಲಿ ಕುಕ್ಕರ್, ಕಡಾಯಿ, ಲಟ್ಟಣಿಗೆ ಎಲ್ಲಾ ಒಟ್ಟಿಗೆ ಬೀಳುತ್ತದೆ. ಅದರ ನಡುವೆ 450 ರೂಪಾಯಿಯ ಕಪ್ಪು ಒಡೆದರೆ ಬೈಸಿಕೊಳ್ಳುವುದು ಯಾರು? ತೊಳೆದವಳು. ಅದಕ್ಕೇ ಶೋಕೇಸು. ಅದು ಕಪ್ಪಿನ ಮೇಲಿನ ಪ್ರೀತಿ ಅಲ್ಲ ಅಣ್ಣ, ಬೈಗುಳದಿಂದ ತಪ್ಪಿಸಿಕೊಳ್ಳುವ ಉಪಾಯ.

ಇನ್ನೊಂದು. ನಿಮ್ಮ ಕಪ್ಪಿನ ಫೋಟೋ ನೋಡಿದೆ. ಕಿವಿ ತುಂಬಾ ಚಿಕ್ಕದು, ಎರಡು ಬೆರಳು ಹೋಗುತ್ತದಾ? ಬಾಯಂಚು ಕಾಗದದ ಹಾಗೆ ತೆಳು. ಮತ್ತೆ ಅಷ್ಟು ದೊಡ್ಡದು ಯಾಕೆ?

ಬಳ್ಳಾರಿ ತಿಗರಿ
ಬೈಗುಳದ ಮಾತು ಏಳು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ನಿಜವಾಗಲೂ.

ಬಾಯಂಚು ತೆಳು ಮಾಡಿದ್ದು ಬೆಳಕು ಹಾಯಲಿ ಅಂತ. ಪಿಂಗಾಣಿಯ ಚಂದವೇ ಅದು, ದೀಪಕ್ಕೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣಬೇಕು. ಆದರೆ ನೀವು ಹೇಳಿದ್ದು ಸರಿ. ಚೂಪು ಅಂಚು ಬೇಗ ಚಕ್ಕೆ ಏಳುತ್ತದೆ, ದುಂಡು ಅಂಚು ತಡೆಯುತ್ತದೆ. ದೀಪಕ್ಕೆ ಹಿಡಿಯುವವನು ನಾನು ಒಬ್ಬನೇ ಇರಬೇಕು.

ಕಿವಿ ಚಿಕ್ಕದು ಯಾಕೆಂದರೆ ದೊಡ್ಡದು ಹಚ್ಚಿದರೆ ಕಪ್ಪು ಸೊಟ್ಟಗಾಗುತ್ತದೆ. 1240 ಡಿಗ್ರಿಯಲ್ಲಿ ಪಿಂಗಾಣಿ ಮೇಣದ ಹಾಗೆ ಮೆತ್ತಗಿರುತ್ತದೆ. ಕಿವಿಯ ಭಾರ ಬಾಯಿಯನ್ನು ತನ್ನ ಕಡೆ ಎಳೆಯುತ್ತದೆ, ಗುಂಡಗಿದ್ದದ್ದು ಮೊಟ್ಟೆ ಆಕಾರಕ್ಕೆ ಬರುತ್ತದೆ. ಇನ್ನೂ ಒಂದು ವಿಚಿತ್ರ ಇದೆ. ಹಸಿ ಇದ್ದಾಗ ಕಪ್ಪು ಸ್ವಲ್ಪ ಬಾಗಿತು ಅಂತ ಇಟ್ಟುಕೊಳ್ಳಿ, ಕೈಯಿಂದ ನೆಟ್ಟಗೆ ಮಾಡುತ್ತೀರಿ, ಒಣಗಿದಾಗ ನೆಟ್ಟಗೇ ಇರುತ್ತದೆ. ಭಟ್ಟಿಯಿಂದ ತೆಗೆದರೆ ಮತ್ತೆ ಬಾಗಿರುತ್ತದೆ. ಈ ಮಣ್ಣಿಗೆ ನೆನಪು ಜಾಸ್ತಿ. ಸೊಸೆಗೆ ಬೈದದ್ದನ್ನು ಸೊಸೆ ನೆನಪಿಡುವ ಹಾಗೆ 🙂

ಗಂಗಾವತಿ ಸೊಸೆ
ಅದಕ್ಕಿಂತ ಜಾಸ್ತಿ ನೆನಪಿರಲು ಸಾಧ್ಯ ಇಲ್ಲ.

ಎರೆಹೊಲ
ನನ್ನದೊಂದು ಡೌಟು. ಮಣ್ಣು ಎಲ್ಲಿಂದ ತರಿಸುತ್ತೀರಿ? ನಮ್ಮ ಜಿಲ್ಲೆಯಲ್ಲಿ ಇಷ್ಟು ಮಣ್ಣಿದೆ, ಕಲ್ಲಿದೆ. ಹೊರಗಿನಿಂದ ತರಿಸಿ "ಬಳ್ಳಾರಿ ಪಿಂಗಾಣಿ" ಅನ್ನುವುದು ಸರಿನಾ?

ಬಳ್ಳಾರಿ ತಿಗರಿ
ಒಳ್ಳೆಯ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಆದರೆ ದಾಟಿ ಹೋಗಿ.

ಪಿಂಗಾಣಿ ಅಂದರೆ ಒಂದೇ ಮಣ್ಣಲ್ಲ, ಮಿಶ್ರಣ. ಹೆಚ್ಚು ಕಡಿಮೆ ಅರ್ಧ ಕೆಯೊಲಿನ್ ಅನ್ನುವ ಬಿಳಿ ಜೇಡಿಮಣ್ಣು, ಕಾಲು ಫೆಲ್ಡ್‌ಸ್ಪಾರ್, ಕಾಲು ಬೆಣಚು ಕಲ್ಲಿನ ಪುಡಿ. ಕೆಯೊಲಿನ್ ಅನ್ನುವ ಹೆಸರು ಬಂದದ್ದು ಚೀನಾದ ಜಿಂಗ್‌ಡೆಝೆನ್ ಪಕ್ಕದ ಗಾವೊಲಿಂಗ್ ಎಂಬ ಗುಡ್ಡದಿಂದ. ನಮ್ಮ ದೇಶದಲ್ಲಿ ಗುಜರಾತ್, ರಾಜಸ್ಥಾನ, ಕೇರಳದಲ್ಲಿ ಸಿಗುತ್ತದೆ. ನಾನು ತರಿಸುವುದು ಗುಜರಾತಿನದು. ಯುರೋಪಿನವರಿಗೆ ಈ ಮಿಶ್ರಣದ ಗುಟ್ಟು ಶತಮಾನಗಳ ಕಾಲ ಹತ್ತಲಿಲ್ಲ. 1708ರ ಹೊತ್ತಿಗೆ ಜರ್ಮನಿಯಲ್ಲಿ ಬ್ಯೋಟ್‌ಗರ್ ಅನ್ನುವವನ ಕೈಗೆ ಸಿಕ್ಕಿತು. ಅವನು ಚಿನ್ನ ಮಾಡಿಕೊಡುತ್ತೇನೆ ಅಂತ ಹೇಳಿ ರಾಜನ ಸೆರೆಯಲ್ಲಿ ಸಿಕ್ಕಿಕೊಂಡಿದ್ದ ಆಸಾಮಿ. 1710ರಲ್ಲಿ ಮೈಸನ್‌ನಲ್ಲಿ ಕಾರ್ಖಾನೆಯೇ ಶುರುವಾಯಿತು.

ಇನ್ನು ನಮ್ಮ ಎರೆ ಮಣ್ಣು. ನಿಮ್ಮ ಹೊಲದಲ್ಲೇ ನೋಡಿರುತ್ತೀರಿ, ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಪಾತ್ರೆ ಮಾಡಿದರೂ ಅದೇ ಗತಿ. ಒಮ್ಮೆ ಹಟಕ್ಕೆ ಬಿದ್ದು ಎರೆ ಮಣ್ಣಿನ ಬಟ್ಟಲು ಮಾಡಿದೆ. ಒಣಗುವ ಮೊದಲೇ ನಾಲ್ಕು ಹೋಳು. ಕೆಂಪು ಮಣ್ಣಿನಲ್ಲಿ ಕಬ್ಬಿಣ. ಕಬ್ಬಿಣ ಇದ್ದರೆ ಬಿಳಿ ಬರುವುದಿಲ್ಲ, ಮುಗಿಯಿತು.

ಕಬ್ಬಿಣ ಅಂದ ಕೂಡಲೇ ಬಳ್ಳಾರಿಯವರಿಗೆ ಗೊತ್ತಾಗಿರಬೇಕು ನನ್ನ ಕಷ್ಟ. ಅದಿರಿನ ಧೂಳು! ಲಾರಿ ಓಡಾಡುವ ರಸ್ತೆ ನನ್ನ ಶೆಡ್ಡಿನಿಂದ ದೂರವೇ ಇದೆ, ಆದರೂ ಗಾಳಿ ಎದ್ದ ದಿನ ಕಿಟಕಿ ಮೇಲೆ ಬೆರಳಾಡಿಸಿದರೆ ಕೆಂಪು. ಒಂದು ಕಣ ಗ್ಲೇಜಿನಲ್ಲಿ ಬಿದ್ದರೆ ಸುಟ್ಟಾಗ ಕಂದು ಚುಕ್ಕೆ. ಹಾಲಿನಲ್ಲಿ ಇರುವೆ ಬಿದ್ದ ಹಾಗೆ ಕಾಣುತ್ತದೆ. ಬಾಗಿಲಿಗೆ ಒದ್ದೆ ಗೋಣಿಚೀಲ ಕಟ್ಟುತ್ತೇನೆ, ಮಣ್ಣಿನ ಗಂಜಿಯನ್ನು 100 ನಂಬರಿನ ಜರಡಿಯಲ್ಲಿ ಸೋಸುತ್ತೇನೆ, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ಆಡಿಸುತ್ತೇನೆ. ತೆಗೆದು ನೋಡಿದರೆ ಕಪ್ಪು ಮೀಸೆ ಬಂದಿರುತ್ತದೆ ಅದಕ್ಕೆ.

ಬೋರಿನ ನೀರು ಗಡಸು, ಗ್ಲೇಜ್ ಮೊಸರಿನ ಹಾಗೆ ಗಟ್ಟಿಯಾಗುತ್ತದೆ, ಹಾಗಾಗಿ 20 ಲೀಟರ್ ಆರ್‌ಓ ಕ್ಯಾನ್ ತರಿಸುತ್ತೇನೆ. ಮೇ ತಿಂಗಳಲ್ಲಿ ಕಪ್ಪು ಎತ್ತಿ ಊಟ ಮಾಡಿ ಬರುವಷ್ಟರಲ್ಲಿ ಅಂಚು ಒಣಗಿ ತಳ ಹಸಿ ಇರುತ್ತದೆ. ಆಗ ಕಿವಿ ಹಚ್ಚಿದರೆ ಸೀಳು ಗ್ಯಾರಂಟಿ. ಅದಕ್ಕೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತರ ಮೇಲೆ ಕೆಲಸ. ಧೂಳು, ನೀರು, ಬಿಸಿಲು ಎಲ್ಲಾ ಬಳ್ಳಾರಿಯದೇ. ಮಣ್ಣು ಮಾತ್ರ ಹೊರಗಿನದು. ಹೆಸರು ನೀವೇ ಇಡಿ.

ಕುಂಬಾರ ಓಣಿ
ನಮ್ಮದು ತಲೆತಲಾಂತರದಿಂದ ಇದೇ ಕಸುಬು, ರಾಯಚೂರು ಜಿಲ್ಲೆ. ಕೆರೆ ಮಣ್ಣು ತಂದು ಬೂದಿ ಬೆರೆಸಿ ತುಳಿದು ಗಡಿಗೆ ಮಾಡುವವರು. ತಿಗರಿ ಅನ್ನುವ ಹೆಸರು ನೋಡಿ ಒಳಗೆ ಬಂದೆ.

ಒಂದು ಮಾತು ಹೇಳಬೇಕು. ನಿಮ್ಮ ಪಿಂಗಾಣಿ ನೀರು ಹೀರುವುದಿಲ್ಲ, ಅದು ನಿಮಗೆ ಹೆಮ್ಮೆ. ನಮ್ಮ ಗಡಿಗೆ ನೀರು ಹೀರುತ್ತದೆ, ಹೊರಗೆ ಬೆವರುತ್ತದೆ, ಬೆವರು ಆರಿದ ಹಾಗೆ ಒಳಗಿನ ನೀರು ತಣ್ಣಗಾಗುತ್ತದೆ. ಅದು ನಮಗೆ ಹೆಮ್ಮೆ. ನಿಮ್ಮ ಹಾಗೆ 1240 ಡಿಗ್ರಿಗೆ ಸುಟ್ಟರೆ ನಮ್ಮ ಮಣ್ಣು ಕರಗಿ ಮುದ್ದೆ ಆಗುತ್ತದೆ. ನಮ್ಮ ಆವಿಗೆಯಲ್ಲಿ ಜಾಲಿ ಕಟ್ಟಿಗೆ, ಹುಲ್ಲು, ಕುಳ್ಳು. ಮೀಟರ್ ಇಲ್ಲ, ಬೆಂಕಿಯ ಬಣ್ಣ ನೋಡಿಯೇ ಹೇಳುತ್ತೇವೆ. ಯಾವುದೂ ಮೇಲಲ್ಲ, ಕೀಳಲ್ಲ, ಕೆಲಸ ಬೇರೆ. ಆದರೆ 60 ರೂಪಾಯಿಯ ಗಡಿಗೆಗೂ ಚೌಕಾಸಿ ಮಾಡುವವರು ನಿಮಗೆ 450 ಕೊಡುತ್ತಾರೆ ಅಂದರೆ ಒಳಗೆ ಸ್ವಲ್ಪ ಉರಿ ಆಗುತ್ತದೆ. ತಪ್ಪು ತಿಳಿಯಬೇಡಿ.

ಬಳ್ಳಾರಿ ತಿಗರಿ
ತಪ್ಪು ತಿಳಿಯುವುದು ಏನಿದೆ, ಉರಿ ಆಗಲೇಬೇಕು. ನಾನು ಕಸುಬಿನ ಮನೆಯಲ್ಲಿ ಹುಟ್ಟಿದವನಲ್ಲ, ನೌಕರಿ ಬಿಟ್ಟು ಕಲಿತವನು. ಮಣ್ಣು ನಡುವಿಗೆ ಕೂರಿಸುವುದಕ್ಕೇ ನನಗೆ ಎಂಟು ತಿಂಗಳು ಬೇಕಾಯಿತು. ನಿಮ್ಮ ಮನೆಯ ಮಕ್ಕಳು ಆಟ ಆಡುತ್ತಾ ಕಲಿತಿರುತ್ತಾರೆ.

ತುಪ್ಪದ ಮೆಣಸಿನಕಾಯಿ
ಪಿಂಗಾಣಿಯಲ್ಲಿ ಎಲುಬಿನ ಪುಡಿ ಹಾಕುತ್ತಾರಂತೆ ಅಲ್ವಾ? ನಮ್ಮ ಅಜ್ಜಿ ಅದಕ್ಕೇ ಮುಟ್ಟುವುದಿಲ್ಲ.

ಬಳ್ಳಾರಿ ತಿಗರಿ
ಅದು ಬೋನ್ ಚೈನಾ, ಬೇರೆ. 1790ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಸ್ಪೋಡ್ ಅನ್ನುವವರು ಅದನ್ನು ಹದಕ್ಕೆ ತಂದರು. ಅದರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಸುಟ್ಟ ಎಲುಬಿನ ಬೂದಿ ಇರುತ್ತದೆ, ಸಾಮಾನ್ಯವಾಗಿ ದನದ್ದು. ನಾನು ಮಾಡುವ ಪಿಂಗಾಣಿಯಲ್ಲಿ ಎಲುಬು ಇಲ್ಲ, ಕಲ್ಲು ಮಣ್ಣು ಅಷ್ಟೇ. ಅಜ್ಜಿಗೆ ಧೈರ್ಯವಾಗಿ ಹೇಳಿ.

ತುಪ್ಪದ ಮೆಣಸಿನಕಾಯಿ
ಮತ್ತೆ ಬಣ್ಣ? ಹುಳಿ, ಉಪ್ಪಿನಕಾಯಿ ಹಾಕಿದರೆ ವಿಷ ಬಿಡುತ್ತದೆ ಅಂತ ಕೇಳಿದ್ದೇನೆ.

ಬಳ್ಳಾರಿ ತಿಗರಿ
ಕಡಿಮೆ ಉರಿಯಲ್ಲಿ ಸುಟ್ಟ ಹೊಳೆಯುವ ಬಣ್ಣದ ಪಾತ್ರೆಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಆ ಭಯ ಸುಳ್ಳಲ್ಲ. ನಾನು ಎರಡನ್ನೂ ಶೆಡ್ಡಿನ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನಿಂಬೆಹಣ್ಣಿನ ಹೋಳು ರಾತ್ರಿಯಿಡೀ ಗ್ಲೇಜಿನ ಮೇಲೆ ಇಡಿ. ಬೆಳಿಗ್ಗೆ ಆ ಜಾಗ ಮಂಕಾಗಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಆ ಪಾತ್ರೆಯಲ್ಲಿ ಊಟ ಬೇಡ. ಬದಲಾಗದಿದ್ದರೆ ಸೀಸ ಇಲ್ಲವೇ ಇಲ್ಲ ಅಂತ ಅರ್ಥವಲ್ಲ, ಅದಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು. ಗ್ಲೇಜಿನಲ್ಲಿ ಜೇಡರ ಬಲೆ ಹಾಗೆ ಸಣ್ಣ ಬಿರುಕು ಕಂಡರೂ ನೋಡಿಕೊಳ್ಳಿ. ತಣ್ಣಗಾಗುವಾಗ ಗ್ಲೇಜು ಒಳಗಿನ ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಹಾಗಾಗುತ್ತದೆ. ಚಹಾದ ಕರೆ ಅಲ್ಲೇ ಕೂರುತ್ತದೆ.

ಆನೆಗೊಂದಿ ಹುಡುಗ
ಹಂಪಿಯ ಉತ್ಖನನದಲ್ಲಿ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ, ನಿಮಗೆ ಗೊತ್ತಿರಬೇಕು. ವಿಜಯನಗರದ ಶ್ರೀಮಂತರು ಆ ಕಾಲಕ್ಕೇ ಸಮುದ್ರ ದಾಟಿ ಬಂದ ಬಟ್ಟಲು ಇಟ್ಟುಕೊಂಡಿದ್ದರು.

ಶೇಂಗಾ ಹಿಂಡಿ
ಚೂರು ಸಿಕ್ಕಿವೆ ಅಂದರೆ ಒಡೆದಿದ್ದಾರೆ. ಒಡೆದಿದ್ದಾರೆ ಅಂದರೆ ಬಳಸಿದ್ದಾರೆ. ಅವರು ನಮಗಿಂತ ಧೈರ್ಯಸ್ಥರು ಬಿಡಿ.

ಬಳ್ಳಾರಿ ತಿಗರಿ
ಇವತ್ತಿನ ಅತ್ಯುತ್ತಮ ಮಾತು ಇದೇ.

ಹಳೇ ಓಣಿ
ಪಿಂಗಾಣಿ ಕಪ್ಪು ಅಂದಾಗ ಎಲ್ಲರಿಗೂ ಒಂದೇ ನೆನಪು ಬರುವುದಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮೂರ ಹೋಟೆಲಿನಲ್ಲಿ ಎಲ್ಲರಿಗೂ ಸ್ಟೀಲ್ ಲೋಟ. ನಮ್ಮ ಓಣಿಯವರಿಗೆ ಮಾತ್ರ ಹೊರಗಿನ ಗೂಡಿನಲ್ಲಿ ಮೂರು ಪಿಂಗಾಣಿ ಕಪ್ಪು, ಕಿವಿ ಮುರಿದವು. ನಾವೇ ತೆಗೆದುಕೊಳ್ಳಬೇಕು, ಕುಡಿದು ನಾವೇ ತೊಳೆದು ಇಡಬೇಕು. ಪಿಂಗಾಣಿ ಅಂದರೆ ನಮ್ಮಪ್ಪನಿಗೆ ಈಗಲೂ ಅದೇ. ಅವರ ಮುಂದೆ 450 ರೂಪಾಯಿಯ ಕಪ್ಪು ಇಟ್ಟರೂ ಸ್ಟೀಲ್ ಲೋಟ ಕೊಡು ಅನ್ನುತ್ತಾರೆ. ನಿಮ್ಮ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.

ಬಳ್ಳಾರಿ ತಿಗರಿ
ಸೇರಿಸಿಕೊಂಡೆ ಸರ್. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಚಹಾದಂಗಡಿ, ಕೊಪ್ಪಳ
ಎರಡು ದಿನದಿಂದ ಓದುತ್ತಿದ್ದೇನೆ. ಯಾರೂ ಮುಖ್ಯ ವಿಷಯಕ್ಕೆ ಬಂದಿಲ್ಲ, ಹಾಗಾಗಿ ನಾನೇ ಬಂದೆ.

ತಿಗರಿ ಅಣ್ಣ, ನಿಮ್ಮ ಕಪ್ಪಿನಲ್ಲಿ ಎಷ್ಟು ಚಹಾ ಹಿಡಿಯುತ್ತದೆ?

ಬಳ್ಳಾರಿ ತಿಗರಿ
280 ಮಿಲಿ.

ಚಹಾದಂಗಡಿ, ಕೊಪ್ಪಳ
ಅಲ್ಲಿಗೆ ಮುಗಿಯಿತು. ನನ್ನ ಅಂಗಡಿಯಲ್ಲಿ ಫುಲ್ ಚಹಾ ಅಂದರೆ 90 ಮಿಲಿ. ನಿಮ್ಮ ಕಪ್ಪಿಗೆ ಮೂರು ಗಿರಾಕಿ ಹಿಡಿಸುತ್ತಾರೆ. ಅಷ್ಟು ದೊಡ್ಡ ಕಪ್ಪಿನ ತಳದಲ್ಲಿ ಒಂದಿಷ್ಟು ಚಹಾ ಹಾಕಿ ಕೊಟ್ಟರೆ ನೋಡುವವರಿಗೆ ಜಿಪುಣತನ, ಕುಡಿಯುವವರಿಗೆ ಬೇಗ ಆರಿದ ಚಹಾ. ತುಂಬಾ ಹಾಕಿದರೆ ಯಾರಿಗೂ ಬೇಡ. ಅದು ಕಾಫಿ ಮಗ್ಗು, ಕಂಪ್ಯೂಟರ್ ಮುಂದೆ ಕೂತವರದು.

ಎರಡನೆಯದು ಇನ್ನೂ ದೊಡ್ಡ ತಪ್ಪು. ಬಸಿ (ಸಾಸರ್) ಎಲ್ಲಿ? ನಮ್ಮ ಕಡೆ ಕಪ್ಪು ಒಂದೇ ಇರುವುದಿಲ್ಲ, ಕಪ್ಪು‑ಬಸಿ. ನನ್ನ ಅಂಗಡಿಗೆ ಬೆಳಿಗ್ಗೆ ಬರುವ ಹಿರಿಯರು ಕಪ್ಪಿಗೆ ಬಾಯಿ ಇಡುವುದೇ ಇಲ್ಲ. ಬಸಿಗೆ ಬಗ್ಗಿಸಿ, ಊದಿ, ಸುರ್ರ್ ಅಂತ ಕುಡಿಯುತ್ತಾರೆ. ಈಗ ಬರುವ ಫ್ಯಾಕ್ಟರಿ ಬಸಿ ಚಪ್ಪಟೆ, ಅರ್ಧ ಚಹಾ ಅಂಗಿ ಮೇಲೆ. ಹಾಗಾಗಿ ಅವರಿಗೂ ಗ್ಲಾಸ್ ಕೊಡುತ್ತಿದ್ದೇನೆ, ಪಾಪ ಕೈ ಸುಟ್ಟುಕೊಂಡು ಕಾಯುತ್ತಾರೆ. ಆಳ ಇರುವ ಬಸಿ ಮಾಡಿಕೊಡಿ. ನಾನು ದಿನಾ ಬಳಸುತ್ತೇನೆ, ನಾಲ್ಕು ಸಾಲು ಹೊಗಳಿಕೆ ಬರೆದು ಶೋಕೇಸಿನಲ್ಲಿ ಇಡುವುದಿಲ್ಲ.

ಗಂಗಾವತಿ ಸೊಸೆ
ಬಸಿ!! ನಮ್ಮ ಮಾವ ಈಗಲೂ ತಟ್ಟೆಯಲ್ಲಿ ಸುರಿದುಕೊಂಡು ಕುಡಿಯುತ್ತಾರೆ. ಬಸಿಗೆ ಕಿವಿ ಇಲ್ಲ, ಮುರಿಯುವ ಭಯವೂ ಇಲ್ಲ. ಒಂದರ ಮೇಲೊಂದು ಪೇರಿಸಿಡಬಹುದು.

ಬಳ್ಳಾರಿ ತಿಗರಿ
ಏಳು ವರ್ಷ ಇಂಟರ್ನೆಟ್ಟಿನಲ್ಲಿ ಜಪಾನಿನ ಬಟ್ಟಲು, ಇಂಗ್ಲೆಂಡಿನ ಮಗ್ಗು ನೋಡಿ ನೋಡಿ ಮಾಡುತ್ತಿದ್ದೆ. ನಮ್ಮಜ್ಜ ಚಹಾ ಹೇಗೆ ಕುಡಿಯುತ್ತಿದ್ದರು ಅಂತ ಒಂದು ಸಲವೂ ನೆನಪಾಗಲಿಲ್ಲ. ಬಸಿಯಲ್ಲೇ ಕುಡಿಯುತ್ತಿದ್ದರು, ನನಗೂ ಕೊನೆಯ ಗುಟುಕು ಕೊಡುತ್ತಿದ್ದರು. ಒಂದು ತಿಂಗಳು ಟೈಮ್ ಕೊಡಿ.

ಬಳ್ಳಾರಿ ತಿಗರಿ
(ಐದು ವಾರ ಆದ ಮೇಲೆ)
ತಡವಾಯಿತು, ಕ್ಷಮೆ ಇರಲಿ. ಬಸಿ ಸುಲಭ ಅಂದುಕೊಂಡಿದ್ದೆ, ಕಪ್ಪಿಗಿಂತ ಜಾಸ್ತಿ ಸತಾಯಿಸಿತು.

ಹಸಿ ಇದ್ದಾಗ 16 ಸೆಂಟಿಮೀಟರ್ ಅಗಲ ಎತ್ತಿದರೆ ಸುಟ್ಟ ಮೇಲೆ 14 ಆಗುತ್ತದೆ, ಅಷ್ಟು ಕುಗ್ಗುತ್ತದೆ ಈ ಮಣ್ಣು. ಮೊದಲ ಸಲ ಅಂಚನ್ನು ಹೊರಗೆ ಬಾಗಿಸಿದೆ, ಎಲ್ಲವೂ ಭಟ್ಟಿಯಲ್ಲಿ ಜೋತುಬಿದ್ದು ಹಪ್ಪಳ ಆದವು. ಎರಡನೇ ಸಲ ಗೋಡೆ ಸ್ವಲ್ಪ ಏರಿಸಿ, ಅಂಚು ದುಂಡಗೆ ಬಿಟ್ಟೆ. ಸುಡುವ ದಿನ ಕರೆಂಟ್ ಹೋಯಿತು, ಅದೂ 1100 ದಾಟಿದ ಮೇಲೆ. ಎರಡು ಗಂಟೆ ಬಿಟ್ಟು ಬಂತು. ಅಷ್ಟರಲ್ಲಿ ಭಟ್ಟಿ ಆರಿಹೋಗಿತ್ತು, ಮತ್ತೆ ಏರಿಸಿದೆ, ಗ್ಲೇಜಿನಲ್ಲಿ ಗುಳ್ಳೆ ಎದ್ದಿತು. ಅದೂ ಹೋಯಿತು. ಮೂರನೇ ಸಲ 14 ಇಟ್ಟದ್ದರಲ್ಲಿ 10 ಸರಿಯಾಗಿ ಬಂದವು.

ತಳದ ಉಂಗುರ ಎತ್ತರ ಮಾಡಿದ್ದೇನೆ, ಕೆಳಗೆ ಬೆರಳು ತೂರಿಸಿ ಹಿಡಿಯಬಹುದು, ಬಿಸಿ ತಾಕುವುದಿಲ್ಲ. ಅಂಚಿನ ಹತ್ತಿರ ನೀರು ಸುರಿದು ಅಳೆದೆ, 110 ಮಿಲಿ ಹಿಡಿಯುತ್ತದೆ. ಜೊತೆಗೆ ಪುಟ್ಟ ಕಪ್ಪು, ಎರಡು ಬೆರಳಿನ ಕಿವಿ. ಸೊಸೆ ಅಕ್ಕ ಹೇಳಿದ್ದಕ್ಕೆ. ಅದರಲ್ಲಿ ಅರ್ಧ ಮೊಟ್ಟೆ ಆಕಾರವೇ ಬಂದವು, ಇನ್ನೂ ಕಲಿಯಬೇಕು. ಆರು ಬಸಿ ಕೊಪ್ಪಳಕ್ಕೆ ಕಳಿಸಿದ್ದೇನೆ.

ಚಹಾದಂಗಡಿ, ಕೊಪ್ಪಳ
ಬಂದವು. ಮೊದಲ ದಿನ ಹಿರಿಯರು ಬಸಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಒಬ್ಬರು ಉಗುರಿನಿಂದ ಬಡಿದು ಶಬ್ದ ಕೇಳಿದರು. ಎರಡನೇ ದಿನದಿಂದ ಬಂದ ಕೂಡಲೇ "ಬಿಳೇದು ಕೊಡು" ಅನ್ನುತ್ತಿದ್ದಾರೆ. ಆರೇ ಇರುವುದರಿಂದ ಏಳನೆಯವರು ಸಿಟ್ಟಾಗುತ್ತಿದ್ದಾರೆ, ಅದೊಂದು ಹೊಸ ತಲೆನೋವು. ಮೊನ್ನೆ ಒಂದು ಒಡೆಯಿತು, ಹುಡುಗನ ಕೈಯಿಂದ ಜಾರಿ. ನಾನು ಬೈಯಲಿಲ್ಲ.

ತಪ್ಪೂ ಹೇಳುತ್ತೇನೆ. ಸುರಿಯುವಾಗ ಹನಿ ಅಂಚಿನ ಹೊರಗೆ ಇಳಿದು ಕೆಳಗೆ ಸೋರುತ್ತದೆ. ಅಂಚಿಗೆ ಏನಾದರೂ ಮಾಡಬೇಕು.

ಬಳ್ಳಾರಿ ತಿಗರಿ
ಒಡೆದದ್ದನ್ನು ಬಿಸಾಡಿದಿರಾ? ಇದ್ದರೆ ಇಟ್ಟಿರಿ, ಒಳಗೆ ಎಷ್ಟು ಬೆಂದಿದೆ ಅಂತ ಚೂರು ನೋಡಿದರೆ ಗೊತ್ತಾಗುತ್ತದೆ. ಅಂಚಿನ ಕೆಳಗೆ ಹೊರಗಡೆ ಒಂದು ಸಣ್ಣ ಗೆರೆ ಕೊರೆದರೆ ಹನಿ ಅಲ್ಲೇ ತುಂಡಾಗಬೇಕು. ಮಾಡಿ ನೋಡುತ್ತೇನೆ.

ಶೇಂಗಾ ಹಿಂಡಿ
ಬಸಿ ಎಷ್ಟು?

ಬಳ್ಳಾರಿ ತಿಗರಿ
220.

ಶೇಂಗಾ ಹಿಂಡಿ
ಜಾಸ್ತಿಯೇ. ಎರಡು ಇಟ್ಟಿರಿ. ಕಪ್ಪು ಬೇಡ.

ಬಳ್ಳಾರಿ ತಿಗರಿ
ಸೋಮವಾರ ಸುಡುತ್ತೇನೆ, ಕರೆಂಟ್ ಇದ್ದರೆ.